ಅಂಚೆಚೀಟಿಯಿಂದ ಲಕೋಟೆಗೆ

ಕಳೆದ ಮಳೆಗಾಲಕ್ಕೆ ಮುನ್ನ ನಂತೂರಿನ ನಮ್ಮ ಹಳೆಯ ಹೆಂಚಿನ ಮನೆಯನ್ನು ತೆರವು ಮಾಡಬೇಕಾಗಿ ಬಂತು. ಹೆದ್ದಾರಿ ಅಗಲವಾದಂತೆ ಈ ಪದವಿನ ಹೆಂಚಿನ ಮನೆಗಳು ಒಂದೊಂದಾಗಿ ಕಣ್ಮರೆಯಾಗಿ, ಅವುಗಳ ಜಾಗದಲ್ಲಿ ಬಹುಮಹಡಿ ವಸತಿಗಳು ಎದ್ದುನಿಂತಿರುವುದು ನಗರದ ಓದುಗರಿಗೆ ತಿಳಿದ ಸಂಗತಿಯೇ. ಅಟ್ಟದಿಂದ ಇಳಿಸಿದ ಹಿತ್ತಾಳೆಯ ಪಾತ್ರೆಗಳು, ಮುರಿದ ಕುರ್ಚಿಗಳು ಮತ್ತು ಹಳೆಯ ಪಠ್ಯಪುಸ್ತಕಗಳ ನಡುವೆ ನಮ್ಮ ಏಳು ಅಂಚೆಚೀಟಿ ಆಲ್ಬಂಗಳೂ ಒಂದು ಬಿಸ್ಕತ್ತಿನ ಡಬ್ಬಿಯೂ ಇದ್ದವು. ತಕ್ಕಡಿ ಹಿಡಿದು ಬಂದಿದ್ದ ಗುಜರಿಯ ಯುವಕನು ಆಲ್ಬಂ ಒಂದನ್ನು ಎತ್ತಿ ನೋಡಿ, "ಇದನ್ನೂ ಪೇಪರಿನ ಲೆಕ್ಕಕ್ಕೆ ಹಾಕುವುದಾ ಸರ್?" ಎಂದು ಕೇಳಿದನು.

ಅವನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಅವನಿಗೆ ಅದು ಕಾಗದವೇ. ಆದರೆ ಐವತ್ತಕ್ಕೂ ಹೆಚ್ಚು ವರ್ಷಗಳ ಹವ್ಯಾಸವು ತಕ್ಕಡಿಯ ಮುಂದೆ ನಿಂತಾಗ, ಇದನ್ನೆಲ್ಲ ನಾವು ಏತಕ್ಕಾಗಿ ಕೂಡಿಟ್ಟೆವು ಎಂಬುದನ್ನು ನಾವೇ ಕೇಳಿಕೊಳ್ಳಬೇಕಾಯಿತು. ಹತ್ತನೆಯ ವಯಸ್ಸಿನಲ್ಲಿ ಈ ಪ್ರಶ್ನೆಗೆ ನಾವು ಕೊಡುತ್ತಿದ್ದ ಉತ್ತರ ಬೇರೆ, ಮೂವತ್ತರಲ್ಲಿ ಬೇರೆ, ಇಂದಿನದು ಬೇರೆ. ಸಂಗ್ರಹದ ಹವ್ಯಾಸವುಳ್ಳ ಅನೇಕರ ಅನುಭವವೂ ಇದೇ ಆಗಿರಬಹುದೆಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇವೆ.

ಎಣಿಕೆಯ ಕಾಲ

ಅದು 1971ರ ಸುಮಾರು. ನಂತೂರಿನಲ್ಲಿ ಆಗ ಮುರಕಲ್ಲಿನ ಪದವು, ಗೇರು ಮರಗಳು ಮತ್ತು ಅಲ್ಲೊಂದು ಇಲ್ಲೊಂದು ಮನೆ. ಸೈಕಲ್ಲಿನಲ್ಲಿ ಬರುತ್ತಿದ್ದ ಪೋಸ್ಟ್‌ಮ್ಯಾನ್ ಊರಿಗೆಲ್ಲ ಬೇಕಾದವರು. ಕ್ರೈಸ್ತ ಮನೆಗಳಲ್ಲಿ ಬೊಂಬಾಯಿಯಿಂದಲೋ ಕೊಲ್ಲಿ ರಾಷ್ಟ್ರಗಳಿಂದಲೋ ಕಾಗದ ಬಾರದ ಮನೆ ವಿರಳ. ಆದುದರಿಂದ ಅಂಚೆಚೀಟಿಗೆ ಬರವಿರಲಿಲ್ಲ. ಮಿಷನ್ ಕಾರ್ಯದ ಸಹಾಯಾರ್ಥ ಬಳಸಿದ ಅಂಚೆಚೀಟಿಗಳನ್ನು ಕೂಡಿಸಿ ಕಳುಹಿಸುವ ಪದ್ಧತಿಯೂ ಅಂದು ಅನೇಕ ಕ್ಯಾಥೊಲಿಕ್ ಸಂಸ್ಥೆಗಳಲ್ಲಿತ್ತು. ಅಂತಹ ಚೀಟಿಗಳು ತೂಕದ ಲೆಕ್ಕದಲ್ಲಿ ಸಂಗ್ರಾಹಕರಿಗೆ ಮಾರಾಟವಾಗಿ, ಬಂದ ಹಣ ಮಿಷನ್ನಿಗೆ ಸೇರುತ್ತಿತ್ತು. ಒಳ್ಳೆಯ ಕೆಲಸಕ್ಕೆಂದು ಕತ್ತರಿಸಿದ ಚೀಟಿಗಳಲ್ಲಿ ಚಂದದವು ಮಕ್ಕಳ ಕಿಸೆ ಸೇರುತ್ತಿದ್ದುದನ್ನು ಇಲ್ಲಿ ಒಪ್ಪಿಕೊಳ್ಳುವುದೇ ಲೇಸು.

ಬಾಲ್ದಿಯ ನೀರಿನಲ್ಲಿ ಲಕೋಟೆಯ ತುಂಡುಗಳನ್ನು ನೆನೆಹಾಕಿ, ಅಂಟು ಬಿಟ್ಟ ಚೀಟಿಗಳನ್ನು ಹಳೆಯ ಪತ್ರಿಕೆಯ ಮೇಲೆ ಬೋರಲಾಗಿ ಹರಡಿ, ಒಣಗಿದ ಮೇಲೆ ದಪ್ಪ ಪುಸ್ತಕದಡಿ ಇಟ್ಟು ಸಮ ಮಾಡುವುದು ನಮ್ಮ ರಜಾದಿನದ ಕಾಯಕ. ಸಾವಿರ ಚೀಟಿ ಯಾರಿಗೆ ಮೊದಲು ಆಗುತ್ತದೆ ಎಂಬುದೇ ಶಾಲೆಯಲ್ಲಿ ಸ್ಪರ್ಧೆ. ಅಜ್‌ಮಾನ್, ಶಾರ್ಜಾ, ಫುಜೈರಾ, ಉಮ್ ಅಲ್ ಕುವೈನ್ ಮುಂತಾದ ಪುಟ್ಟ ನಾಡುಗಳ ದೊಡ್ಡ ದೊಡ್ಡ ಬಣ್ಣದ ಚೀಟಿಗಳಿಗೆ ಎಲ್ಲಿಲ್ಲದ ಬೇಡಿಕೆ. ಬಾಹ್ಯಾಕಾಶ ನೌಕೆ, ರೇಸಿನ ಕಾರು, ಬೆಕ್ಕಿನ ಮರಿ, ದೇವಮಾತೆಯ ಪ್ರಸಿದ್ಧ ವರ್ಣಚಿತ್ರ, ಹೀಗೆ ಏನುಂಟು ಏನಿಲ್ಲ! ಅಂತಹ ಒಂದು ಚೀಟಿಗೆ ಐದು ಭಾರತೀಯ ಚೀಟಿಗಳನ್ನು ಕೊಟ್ಟು ನಾವು ಬೀಗಿದ್ದುಂಟು.

ಮೊದಲ ನಿರಾಶೆ ಬಂದದ್ದು ಅವುಗಳಿಂದಲೇ. 1960ರ ದಶಕದಲ್ಲಿಯೂ 1970ರ ದಶಕದ ಆದಿಯಲ್ಲಿಯೂ ಆ ಚೀಟಿಗಳಲ್ಲಿ ಬಹುಪಾಲು ಮುದ್ರಣವಾದದ್ದು ಪತ್ರ ಕಳುಹಿಸುವವರಿಗಾಗಿ ಅಲ್ಲ, ಲೋಕದಾದ್ಯಂತ ಇರುವ ಸಂಗ್ರಾಹಕರಿಗೆ ಮಾರುವುದಕ್ಕಾಗಿ. ಮುದ್ರಣವಾಗುತ್ತಲೇ ಹಾಳೆ ಹಾಳೆಗೆ ಅಂಚೆಮುದ್ರೆಯನ್ನೂ ಒತ್ತಿ ಪೊಟ್ಟಣ ಕಟ್ಟಲಾಗುತ್ತಿತ್ತು. ಹಿಂಬದಿಯ ಅಂಟು ಮಾಸದೆ ಇದ್ದರೂ ಮುಂಬದಿಯಲ್ಲಿ ಮುದ್ರೆ! ಯಾವ ಮನೆಗೂ ಒಂದು ಸುದ್ದಿಯನ್ನೂ ಹೊತ್ತು ತಾರದ ಚೀಟಿಗಳವು. 1971ರಲ್ಲಿ ಈ ನಾಡುಗಳು ಸಂಯುಕ್ತ ಅರಬ್ ಎಮಿರೇಟ್ಸ್ ಆಗಿ ಒಂದುಗೂಡತೊಡಗಿದ ಮೇಲೆ ಆ ವ್ಯಾಪಾರ ನಿಂತಿತು. ಪ್ರಮುಖ ಕ್ಯಾಟಲಾಗುಗಳು ಅವುಗಳಲ್ಲಿ ಅನೇಕವನ್ನು ಮುಖ್ಯ ಪಟ್ಟಿಗೆ ಸೇರಿಸಿಕೊಳ್ಳಲೇ ಇಲ್ಲ. ನಮ್ಮ ಸಾವಿರದಲ್ಲಿ ಮುನ್ನೂರು ಹೀಗೆ ಬೆಲೆಯಿಲ್ಲದವಾದವು.

ವಿಷಯದ ಕಾಲ

ಉದ್ಯೋಗಕ್ಕೆ ಸೇರಿದ ಮೇಲೆ ಸಂಗ್ರಹಕ್ಕೆ ಶಿಸ್ತು ಬಂತು. ಎಲ್ಲವೂ ಬೇಕೆಂಬ ಹಂಬಲ ಬಿಟ್ಟು ಒಂದು ವಿಷಯವನ್ನು ಆರಿಸಿಕೊಂಡೆವು: ಭಾರತದ ಅಂಚೆಚೀಟಿಗಳಲ್ಲಿ ಕ್ರೈಸ್ತ ಜೀವನ. ಮುಂಬಯಿಯಲ್ಲಿ ಅಂತರರಾಷ್ಟ್ರೀಯ ಪರಮಪ್ರಸಾದ ಸಮ್ಮೇಳನ ನಡೆದು, ಆರನೇ ಪೌಲ್ ಜಗದ್ಗುರುಗಳು ಭಾರತಕ್ಕೆ ಆಗಮಿಸಿದ 1964ರ ಡಿಸೆಂಬರ್ 2ರಂದು ಹೊರಬಂದ ಸಂತ ತೋಮಸರ 15 ಪೈಸೆಯ ಚೀಟಿ ನಮ್ಮ ಮೊದಲ ಪುಟದಲ್ಲಿತ್ತು. ಬಳಿಕ 1973ರ ಸಂತ ತೋಮಸರ ಇನ್ನೊಂದು ಚೀಟಿ, 1974ರ ಸಂತ ಫ್ರಾನ್ಸಿಸ್ ಝೇವಿಯರರದು, 1980ರ ಮದರ್ ತೆರೆಸಾರದು. ಮದರ್ ಅವರು ಜೀವಂತರಿದ್ದಾಗಲೇ ಅವರ ಚೀಟಿ ಹೊರಬಂದದ್ದು ಆ ದಿನಗಳಲ್ಲಿ ಅಪರೂಪದ ಗೌರವ. ಪೋರ್ಚುಗೀಸರ ಆಡಳಿತದಲ್ಲಿದ್ದ ಗೋವೆಯಲ್ಲಿ 1931ರಲ್ಲಿಯೇ ಸಂತ ಝೇವಿಯರರ ಪಾರ್ಥಿವ ಶರೀರದ ದರ್ಶನದ ಸಂದರ್ಭಕ್ಕೆ ಚೀಟಿಗಳು ಬಂದಿದ್ದವು. ಅವನ್ನು ಹುಡುಕಲು ನಾವು ಎರಡು ಬಾರಿ ಪಣಜಿಗೆ ಹೋಗಿ ಬಂದೆವು.

2001ರಲ್ಲಿ ನಮ್ಮ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ವರ್ಣಚಿತ್ರಗಳಿಗೇ ಅಂಚೆಚೀಟಿಯ ಗೌರವ ದೊರೆತಾಗ ನಮಗಾದ ಸಂತೋಷವನ್ನು ಹೇಳತೀರದು. ಬ್ರದರ್ ಅಂತೋನಿಯೊ ಮೊಸ್ಕೇನಿ ಎಂಬ ಇಟಲಿಯ ಯೇಸುಸಭೆಯ ಸಹೋದರರು ಒಂದು ಶತಮಾನದ ಹಿಂದೆ ಗೋಡೆ ಮತ್ತು ಛಾವಣಿಯ ಮೇಲೆ ಬರೆದದ್ದು ದೇಶದ ಮೂಲೆಮೂಲೆಯ ಮನೆಗಳಿಗೆ ತಲುಪುವಂತಾಯಿತು. ಆ ದಿನ ನಾವು ಒಂದು ಹಾಳೆಯಷ್ಟು ಕೊಂಡೆವು. ಅವುಗಳಲ್ಲಿ ಒಂದನ್ನಾದರೂ ಕಾಗದಕ್ಕೆ ಹಚ್ಚಿ ಯಾರಿಗಾದರೂ ಕಳುಹಿಸೋಣ ಎಂದು ನಮಗೆ ಹೊಳೆಯಲಿಲ್ಲ. ಹವ್ಯಾಸಿಯ ಮನಸ್ಸು ಎಷ್ಟು ಓರೆಯಾಗಿ ನಡೆಯಬಲ್ಲುದು ಎಂಬುದಕ್ಕೆ ಇದೊಂದು ನಿದರ್ಶನ. ಚೀಟಿಯನ್ನು ನಾವು ಪ್ರೀತಿಸುತ್ತಿದ್ದೆವು. ಅದು ಮಾಡಬೇಕಾದ ಕೆಲಸ ನಮ್ಮ ಗಮನದಲ್ಲೇ ಇರಲಿಲ್ಲ.

ಬಚ್ಚಲೊಲೆಗೆ ಹೋದ ಲಕೋಟೆಗಳು

ಈಗ ಬಿಸ್ಕತ್ತಿನ ಡಬ್ಬಿಯ ಮಾತು. ನಮ್ಮ ತಾಯಿಯ ಅಣ್ಣ ತಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ ಬಹ್ರೇನಿಗೆ ದುಡಿಯಲು ಹೋದವರು. 1932ರಲ್ಲಿ ಅಲ್ಲಿ ತೈಲ ದೊರೆತು, 1936ರಲ್ಲಿ ಶುದ್ಧೀಕರಣ ಘಟಕ ಆರಂಭವಾದ ಮೇಲೆ ಅಲ್ಲಿಗೆ ದುಡಿಮೆಗೆ ಹೋದ ನಮ್ಮವರಲ್ಲಿ ಅವರೂ ಒಬ್ಬರು. 1946ರಲ್ಲಿ ಅಲ್ಲಿಯೇ ಕಾಯಿಲೆಯಿಂದ ತೀರಿಕೊಂಡರು. ಊರಿಗೆ ಮರಳಿದ್ದು ಅವರ ಟ್ರಂಕು ಮಾತ್ರ. ಅವರು ಬರೆದ ಇಪ್ಪತ್ತೇಳು ಕಾಗದಗಳನ್ನು, ಕನ್ನಡ ಲಿಪಿಯ ಕೊಂಕಣಿಯಲ್ಲಿದ್ದವನ್ನು, ಅಜ್ಜಿ ಲಕೋಟೆಯ ಸಮೇತ ದಾರ ಕಟ್ಟಿ ಇಟ್ಟಿದ್ದರು. ತಾಯಿ ಅಕ್ಷರ ಕಲಿತ ಮೇಲಿನವು ಅವರ ಹೆಸರಿಗೇ ಬಂದವು.

ಆ ಕಟ್ಟು ಹತ್ತು ವರ್ಷದ ಸಂಗ್ರಾಹಕನ ಕಣ್ಣಿಗೆ ಬಿತ್ತು. ಆರನೇ ಜಾರ್ಜ್ ದೊರೆಯ ಚಿತ್ರವಿರುವ ಭಾರತದ ಚೀಟಿಗಳ ಮೇಲೆ ಕಪ್ಪು ಅಕ್ಷರಗಳಲ್ಲಿ ‘ಬಹ್ರೇನ್’ ಎಂದು ಮೇಲ್ಮುದ್ರಣ! ಇಂದಿನ ಮಕ್ಕಳಿಗೆ ಇದು ವಿಚಿತ್ರವೆನಿಸಬಹುದು. ಕೊಲ್ಲಿಯ ಅಂಚೆ ಆಗ ಭಾರತದ ಅಂಚೆಯ ಆಡಳಿತಕ್ಕೆ ಒಳಪಟ್ಟಿತ್ತು. ಕುವೈಟಿನಲ್ಲಿ 1923ರಿಂದಲೂ ಬಹ್ರೇನಿನಲ್ಲಿ 1933ರಿಂದಲೂ ಭಾರತದ ಚೀಟಿಗಳೇ ಆಯಾ ನಾಡಿನ ಹೆಸರು ಹೊತ್ತು ಚಲಾವಣೆಯಲ್ಲಿದ್ದು, ಈ ವ್ಯವಸ್ಥೆ 1948ರವರೆಗೆ ನಡೆಯಿತು. ಶಾಲೆಯಲ್ಲಿ ಯಾರ ಬಳಿಯೂ ಇಲ್ಲದ ಚೀಟಿಗಳು! ಒಂದು ಮಧ್ಯಾಹ್ನ, ತಾಯಿ ಸಂಬಂಧಿಕರ ಮನೆಗೆ ಹೋಗಿದ್ದಾಗ, ನಾವು ಕಾಗದಗಳನ್ನು ಹೊರತೆಗೆದಿಟ್ಟು ಲಕೋಟೆಗಳನ್ನು ಬಾಲ್ದಿಗೆ ಹಾಕಿದೆವು. ಇಪ್ಪತ್ತಾರು ಚೀಟಿಗಳು ಬಿಟ್ಟುಕೊಂಡವು. ಒದ್ದೆ ಲಕೋಟೆಗಳನ್ನು ಬಿಸಿಲಿಗೆ ಹರಡಿ, ಸಂಜೆ ಬಚ್ಚಲೊಲೆಗೆ ತುಂಬಿದೆವು. ಒಂದರ ಚೀಟಿ ಮೂಲೆ ಹರಿದಿತ್ತು. ಹರಿದ ಚೀಟಿ ನಮಗೆ ಬೇಡವಾಗಿದ್ದುದರಿಂದ ಆ ಒಂದು ಲಕೋಟೆ ಮಾತ್ರ ಉಳಿಯಿತು.

ತಾಯಿ ಗದರಿಸಲಿಲ್ಲ. "ಕಾಗದಗಳು ಇವೆಯಲ್ಲ" ಎಂದು ಅವನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿದರು. ನಾವೂ ಹಾಗೆಯೇ ಅಂದುಕೊಂಡೆವು. ತಪ್ಪಿನ ತೂಕ ತಿಳಿದದ್ದು ಇಪ್ಪತ್ತು ವರ್ಷಗಳ ಮೇಲೆ. ಅಣ್ಣನ ಪುಣ್ಯತಿಥಿಯ ದಿನ ಬಲಿಪೂಜೆ ಮುಗಿಸಿ ಬಂದ ತಾಯಿ ಡಬ್ಬಿಯನ್ನು ಮುಂದಿಟ್ಟು, "ಅವರ ಕಡೆಯ ಕಾಗದ ಯಾವುದು ಪುತಾ, ಅದನ್ನೊಮ್ಮೆ ಓದು" ಎಂದರು. ನಾವು ಒಂದೊಂದನ್ನೇ ಬಿಡಿಸಿದೆವು. ಮಾವನವರಿಗೆ ತಾರೀಕು ಬರೆಯುವ ಅಭ್ಯಾಸವಿರಲಿಲ್ಲ. ‘ಮಂಗಳವಾರ ರಾತ್ರಿ’, ‘ಭಾನುವಾರ ಪೂಜೆಯ ನಂತರ’ ಎಂದಷ್ಟೇ ಬರೆಯುತ್ತಿದ್ದರು. ವರ್ಷ, ತಿಂಗಳು, ದಿನ ಇದ್ದದ್ದು ಲಕೋಟೆಯ ಅಂಚೆಮುದ್ರೆಯಲ್ಲಿ. ಲಕೋಟೆಗಳು ಬೂದಿಯಾಗಿ ಎರಡು ದಶಕಗಳಾಗಿದ್ದವು.

ಆಲ್ಬಂ ತೆಗೆದು ಆ ಇಪ್ಪತ್ತಾರು ಚೀಟಿಗಳನ್ನು ಭೂತಗನ್ನಡಿಯಲ್ಲಿ ನೋಡಿದೆವು. ವೃತ್ತಾಕಾರದ ಮುದ್ರೆಯ ಒಂದು ತುಣುಕು ಮಾತ್ರ ಚೀಟಿಯ ಮೇಲೆ ಬೀಳುವುದರಿಂದ ಎಂಟರಲ್ಲಿ ಮಾತ್ರ ಇಸವಿ ಓದಲು ಬಂತು. ಆದರೆ ಯಾವ ಚೀಟಿ ಯಾವ ಕಾಗದದ್ದು ಎಂದು ತಿಳಿಯುವ ದಾರಿಯೇ ಇರಲಿಲ್ಲ. ಕಾಗದದೊಳಗಿನ ಸುದ್ದಿಗಳಿಂದ, ತಂಗಿಯ ಪ್ರಥಮ ಪರಮಪ್ರಸಾದ, ಊರಿನ ಅಕ್ಕಿಯ ಪಡಿತರ, ಯುದ್ಧ ಮುಗಿದ ಸುದ್ದಿ ಇವುಗಳಿಂದ, ಹತ್ತೊಂಬತ್ತನ್ನು ಸುಮಾರಾಗಿ ಕ್ರಮಕ್ಕೆ ತಂದೆವು. ಕಡೆಯದು ಎನ್ನಬಹುದಾದವು ಎರಡು ಉಳಿದವು. ಎರಡರಲ್ಲಿಯೂ ಬರುವ ಮೊಂತಿ ಹಬ್ಬಕ್ಕೆ ಮನೆಯಲ್ಲಿರುತ್ತೇನೆ ಎಂದಿದೆ. ತಾಯಿ ಎರಡನ್ನೂ ಓದಿಸಿ ಕೇಳಿದರು. ಪ್ರತಿ ವರ್ಷವೂ ಎರಡನ್ನೂ ಓದಿಸಿದರು, ತಾವು ಇರುವವರೆಗೂ.

ಹರಿದ ಚೀಟಿಯ ಲಕೋಟೆ

ಅಂದಿನಿಂದ ನಮ್ಮ ಸಂಗ್ರಹದ ರೀತಿ ಬದಲಾಯಿತು. ಅಂಚೆ ಪ್ರದರ್ಶನಗಳಲ್ಲಿ ಹಿರಿಯ ಸಂಗ್ರಾಹಕರು ಚೀಟಿಗಿಂತ ಹೆಚ್ಚಾಗಿ ಪೂರ್ತಿ ಲಕೋಟೆಗಳನ್ನೇ ಇಡುತ್ತಿದ್ದುದನ್ನು ನಾವು ಮೊದಲು ಕಂಡಿದ್ದರೂ ಏಕೆಂದು ವಿಚಾರಿಸಿರಲಿಲ್ಲ. ಅಂಚೆಯ ಇತಿಹಾಸ ಎಂಬುದು ಈ ಹವ್ಯಾಸದ ಪ್ರೌಢ ಶಾಖೆ. ಎಲ್ಲಿಂದ ಹೊರಟಿತು, ಯಾವ ದಾರಿಯಲ್ಲಿ ಬಂತು, ಎಷ್ಟು ದಿನ ಹಿಡಿಯಿತು, ದಾರಿಯಲ್ಲಿ ಯಾರು ತೆರೆದು ನೋಡಿದರು ಎಂಬುದನ್ನೆಲ್ಲ ಲಕೋಟೆ ತನ್ನ ಮೈಮೇಲೆ ಹೊತ್ತಿರುತ್ತದೆ. ಚೀಟಿಯನ್ನು ಬಿಡಿಸಿದರೆ ಆ ಮಾತೆಲ್ಲ ಮುಗಿಯಿತು.

ನಾವು ತಿರಸ್ಕರಿಸಿದ್ದರಿಂದಲೇ ಉಳಿದ ಆ ಒಂದು ಲಕೋಟೆಯನ್ನು ಹೀಗೆ ಮತ್ತೆ ನೋಡಿದೆವು. ಒಂದು ಅಂಚಿನಲ್ಲಿ ಅದನ್ನು ಕತ್ತರಿಸಿ ತೆರೆದು, ಪುನಃ ಅಂಟುಪಟ್ಟಿಯಿಂದ ಮುಚ್ಚಲಾಗಿದೆ. ಎರಡನೇ ಮಹಾಯುದ್ಧದ ಕಾಲದ ಸೆನ್ಸಾರ್ ಅಧಿಕಾರಿ ಪರಿಶೀಲಿಸಿದ ಗುರುತದು. 1943ರ ಮುದ್ರೆ. ಹಿಂಬದಿಯಲ್ಲಿ ಮಂಗಳೂರು ಅಂಚೆ ಕಚೇರಿಗೆ ತಲುಪಿದ ದಿನದ ಮುದ್ರೆ. ನಡುವೆ, ಶಾಯಿ ಮಾಸಿದರೂ ಸ್ಪಷ್ಟವಾಗಿ, ಹದಿಮೂರು ವರ್ಷದ ತಂಗಿಯ ಪೂರ್ಣ ಹೆಸರು. ಏಳೂ ಆಲ್ಬಂಗಳಲ್ಲಿ ನಮಗೆ ಇಂದು ಬಿಡಲಾಗದ್ದು ಇದೊಂದೇ. ಅದರ ಚೀಟಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ, ಮೂಲೆ ಹರಿದಿದೆ.

ಕಪಾಟಿನಿಂದ ಊರಿಗೆ

ಸಂಗ್ರಾಹಕನಿಗೆ ವಯಸ್ಸಾದಂತೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ: ಮುಂದೆ ಯಾರು? ಮಕ್ಕಳು ಒಬ್ಬರು ಕೆನಡಾದಲ್ಲಿ, ಇನ್ನೊಬ್ಬರು ಬೆಂಗಳೂರಿನಲ್ಲಿ. ಅವರಿಗೆ ಆಸಕ್ತಿಯಿಲ್ಲವೆಂದು ದೂರುವುದು ನ್ಯಾಯವಲ್ಲ. ನಮ್ಮ ತಂದೆಯವರ ಮೀನಿನ ಗಾಳಗಳ ಸಂಗ್ರಹದಲ್ಲಿ ನಮಗೂ ಆಸಕ್ತಿಯಿರಲಿಲ್ಲ.

ಈ ಪ್ರಶ್ನೆಗೆ ನಮ್ಮ ಊರು ಹಿಂದೆಯೇ ಉತ್ತರ ಕಂಡುಕೊಂಡಿದೆ. ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ‘ಅಲೋಶಿಯಂ’ ವಸ್ತುಸಂಗ್ರಹಾಲಯವು 1913ರಲ್ಲಿ ಹುಟ್ಟಿದ್ದು ಒಬ್ಬ ಹವ್ಯಾಸಿಯ ಕಪಾಟಿನಿಂದ. ಕಂದಾಯ ಇಲಾಖೆಯ ಅಧಿಕಾರಿಯಾಗಿದ್ದ ಸಿ. ಮಥಾಯಸ್ ಅವರು ಕೂಡಿಸಿದ್ದ ನಾಣ್ಯಗಳನ್ನೂ ಖನಿಜಗಳನ್ನೂ ಪಡೆದು, ಅವನ್ನು ಕಾಪಾಡುವ ಸಲುವಾಗಿ ಇಟಲಿಯ ಯೇಸುಸಭೆಯ ವಂ. ಕಿಯಾಪ್ಪಿಯವರು ಅದನ್ನು ಆರಂಭಿಸಿದರು. ಬಳಿಕ ಊರಿನ ಅನೇಕ ಮನೆತನಗಳು ತಮ್ಮಲ್ಲಿದ್ದುದನ್ನು ಸೇರಿಸಿದವು. ಮಂಗಳೂರಿಗೆ ಮೊತ್ತಮೊದಲು ಬಂದ ಕಾರು ಎಂದು ಹೆಸರಾದ, ಪಿ.ಎಫ್.ಎಕ್ಸ್. ಸಲ್ಡಾನ್ಹಾ ಅವರ ಫ್ರೆಂಚ್ ಕಾರು ಕೂಡ ಅಲ್ಲಿದೆ. ನಂತೂರಿನಿಂದ ಹೆಚ್ಚು ದೂರವಿಲ್ಲದ ಬಿಜೈಯಲ್ಲಿ ಹಡಗಿನಾಕಾರದ ಕಟ್ಟಡವೊಂದಿದೆ. ಶಸ್ತ್ರವೈದ್ಯರಾಗಿದ್ದ ಕರ್ನಲ್ ವಿ.ಆರ್. ಮಿರಾಜ್ಕರ್ ಅವರು ಆ ಕಟ್ಟಡವನ್ನೂ ತಾವು ದೇಶವಿದೇಶಗಳಲ್ಲಿ ಸಂಗ್ರಹಿಸಿದ ವಸ್ತುಗಳನ್ನೂ ತಮ್ಮ ತಾಯಿಯ ನೆನಪಿಗಾಗಿ ಸರಕಾರಕ್ಕೆ ದಾನವಿತ್ತರು. 1960ರಿಂದ ಅದು ಶ್ರೀಮಂತಿ ಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯ. ಒಬ್ಬರ ಸಂಗ್ರಹ ವಿದ್ಯಾಸಂಸ್ಥೆಗೆ, ಇನ್ನೊಬ್ಬರದು ಸರಕಾರಕ್ಕೆ. ಎರಡೂ ಗುಜರಿಯ ತಕ್ಕಡಿಯಿಂದ ಪಾರಾದವು.

ಆದರೆ ಯಾವ ಸಂಗ್ರಹಾಲಯವೂ ಮೂಕ ವಸ್ತುವಿಗೆ ಬಾಯಿ ಕೊಡಲಾರದು. ಈ ನಾಣ್ಯ ಯಾವ ಹಿತ್ತಿಲಲ್ಲಿ ಸಿಕ್ಕಿತು, ಈ ಜಪಸರವನ್ನು ಯಾರು ಎಲ್ಲಿಂದ ತಂದರು ಎಂಬ ಎರಡು ಸಾಲಿನ ಬರಹ ಜೊತೆಗಿಲ್ಲದಿದ್ದರೆ ಅದು ಸಾವಿರದಲ್ಲಿ ಒಂದಾಗಿ ಬಿಡುತ್ತದೆ. ಆ ಎರಡು ಸಾಲನ್ನು ಬರೆಯಬಲ್ಲವರು ಮನೆಯವರು ಮಾತ್ರ, ಅದೂ ಅವರು ಬದುಕಿರುವಾಗ.

ಓದುಗರಲ್ಲಿ ಒಂದು ವಿನಂತಿ

ನಮ್ಮ ಸಮಾಜದಲ್ಲಿ ಬೊಂಬಾಯಿ, ಕುವೈಟ್, ಬಹ್ರೇನಿನ ಕಾಗದಗಳ ಕಟ್ಟು ಇಲ್ಲದ ಹಳೆಯ ಮನೆ ಕಡಿಮೆ. ಮನೆ ಮಾರಾಟವಾದಾಗ ಮೊದಲು ಹೋಗುವುದು ಅವೇ. ಆದುದರಿಂದ ನಮ್ಮ ತಪ್ಪಿನಿಂದ ಕಲಿತ ಕೆಲವು ಮಾತುಗಳನ್ನು ಇಲ್ಲಿ ಹೇಳುತ್ತೇವೆ.

ಲಕೋಟೆಯಿಂದ ಚೀಟಿಯನ್ನು ಬಿಡಿಸದಿರಿ. ಕಾಗದವನ್ನು ಅದರ ಲಕೋಟೆಯಲ್ಲಿಯೇ ಇಡಿ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಕೆಲವೇ ವರ್ಷಗಳಲ್ಲಿ ಕಾಗದವನ್ನು ಕಂದಾಗಿಸುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಮರಳಿ ಬಿಡಿಸಲಾಗದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಮ್ಮ ಊರಿನಲ್ಲಿ ತೇವ ಮತ್ತು ಗೆದ್ದಲೇ ದೊಡ್ಡ ಶತ್ರುಗಳು. ಗೋಡೆಗೆ ತಾಗದಂತೆ, ನೆಲದಿಂದ ಎತ್ತರದಲ್ಲಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿದ ಡಬ್ಬಿಯಲ್ಲಿರಿಸಿ, ಮಳೆ ಕಳೆದ ಮೇಲೆ ಒಮ್ಮೆ ನೆರಳಿನಲ್ಲಿ ಗಾಳಿಯಾಡಿಸಿ. ಆಲ್ಬಂಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನಿಲ್ಲಿಸಿಡಿ, ಇಲ್ಲದಿದ್ದರೆ ಭಾರಕ್ಕೂ ತೇವಕ್ಕೂ ಚೀಟಿಗಳು ಪುಟಕ್ಕೆ ಅಂಟಿಕೊಳ್ಳುತ್ತವೆ.

ಮಕ್ಕಳಿಗೆ ಈ ಹವ್ಯಾಸವನ್ನು ಕಲಿಸಬಯಸುವವರಿಗೆ ಇನ್ನೊಂದು ಸಂಗತಿ. ಅಂಚೆ ಇಲಾಖೆಯು 2017ರಲ್ಲಿ ಆರರಿಂದ ಒಂಬತ್ತನೇ ತರಗತಿಯ ವಿದ್ಯಾರ್ಥಿಗಳಿಗೆಂದು ‘ದೀನ್ ದಯಾಳ್ ಸ್ಪರ್ಶ್’ ಎಂಬ ವಿದ್ಯಾರ್ಥಿವೇತನವನ್ನು ವರ್ಷಕ್ಕೆ 6,000 ರೂಪಾಯಿಯಂತೆ ಆರಂಭಿಸಿತು. ವಿವರವನ್ನು ಅಂಚೆ ಕಚೇರಿಯಲ್ಲಿ ವಿಚಾರಿಸಬಹುದು. ಆದರೆ ಮಗುವಿಗೆ ಮೊದಲು ಕೊಡಬೇಕಾದದ್ದು ಅಂಗಡಿಯ ಪೊಟ್ಟಣವನ್ನಲ್ಲ. ಚೀಟಿ ಹಚ್ಚಿದ ಒಂದು ಕಾಗದವನ್ನು ಆ ಮಗುವಿನ ಹೆಸರಿಗೇ ಬರೆದು ಕಳುಹಿಸಿ. 2013ರಲ್ಲಿ ತಂತಿ ಸೇವೆ ನಿಂತಿತು, 2025ರಲ್ಲಿ ರಿಜಿಸ್ಟರ್ಡ್ ಅಂಚೆ ಸ್ಪೀಡ್ ಪೋಸ್ಟಿನೊಂದಿಗೆ ವಿಲೀನವಾಯಿತು. ಕೈಬರಹದ ಲಕೋಟೆ ಮನೆಗೆ ಬರುವುದೇ ಈಗ ಮಕ್ಕಳಿಗೆ ಹೊಸ ಸಂಗತಿ.

ಗುಜರಿಯ ಯುವಕನಿಗೆ ನಾವು ಆಲ್ಬಂಗಳನ್ನು ಕೊಡಲಿಲ್ಲ. ಕೊಲ್ಲಿಯ ಬಣ್ಣದ ಚೀಟಿಗಳ ಎರಡು ಆಲ್ಬಂಗಳನ್ನು ನೆರೆಮನೆಯ ಮಕ್ಕಳು ಹಂಚಿಕೊಂಡರು. ಬೆಲೆಯಿಲ್ಲದಿದ್ದರೂ ಬೆಕ್ಕಿನ ಮರಿಗಳು ಚಂದವಾಗಿಯೇ ಇವೆ. ಕ್ರೈಸ್ತ ವಿಷಯದ ಸಂಗ್ರಹವನ್ನು ಒಂದು ವಿದ್ಯಾಸಂಸ್ಥೆಗೆ ಒಪ್ಪಿಸಲು ಪಟ್ಟಿ ಸಿದ್ಧಪಡಿಸುತ್ತಿದ್ದೇವೆ. ಬಿಸ್ಕತ್ತಿನ ಡಬ್ಬಿ ಮಾತ್ರ ನಮ್ಮಲ್ಲಿಯೇ ಇದೆ. ಪ್ರತಿ ಕಾಗದಕ್ಕೂ ಒಂದು ಹೊಸ ಲಕೋಟೆ ಮಾಡಿ, ನಮಗೆ ತಿಳಿದಷ್ಟನ್ನು ಪೆನ್ಸಿಲಿನಲ್ಲಿ ಬರೆದಿದ್ದೇವೆ: ಯಾರು ಬರೆದದ್ದು, ಯಾರಿಗೆ, ಸುಮಾರು ಯಾವ ವರ್ಷ. ಆ ಎರಡು ಕಾಗದಗಳ ಮೇಲೆ ‘ಇವೆರಡರಲ್ಲಿ ಒಂದು ಕಡೆಯದು’ ಎಂದಿದೆ.

ನಿಮ್ಮ ಅಟ್ಟದಲ್ಲಿಯೂ ಅಂತಹ ಡಬ್ಬಿಯೊಂದಿದ್ದರೆ, ಮನೆಯಲ್ಲಿ ಹಿರಿಯರೊಬ್ಬರು ಇನ್ನೂ ಇದ್ದರೆ, ಈ ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ಅದನ್ನು ಅವರ ಮುಂದೆ ತೆರೆದು ಕುಳಿತುಕೊಳ್ಳಿ. ಕೈಯಲ್ಲಿ ಒಂದು ಪೆನ್ಸಿಲ್ ಇರಲಿ.